ಹೆಲ್ತ್ ಕಾರ್ಡ್ ಕೊಟ್ರೆ ಜನ ಬದುಕ್ತಾರಾ? ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಎರಡು ಲೆಕ್ಕಾಚಾರ

ಸರ್ಕಾರದ ಯಾವ್ದೇ ಆರೋಗ್ಯ ಯೋಜನೆ ಬಗ್ಗೆ ಪೇಪರ್‌ನಲ್ಲಿ ಬರೋ ಸುದ್ದಿ ನೋಡಿ, ಎಷ್ಟು ಲಕ್ಷ ಕಾರ್ಡ್ ಹಂಚಿದ್ರು, ಎಷ್ಟು ಕೋಟಿ ಖರ್ಚಾಯ್ತು, ಎಷ್ಟು ಆಸ್ಪತ್ರೆ ಲಿಸ್ಟ್‌ಗೆ ಸೇರಿದ್ವು ಅಂತ ಇರತ್ತೆ. ಇದ್ರಿಂದ ಸಾಯೋರು ಕಮ್ಮಿ ಆದ್ರಾ ಅನ್ನೋದು ಮಾತ್ರ ಇರಲ್ಲ. ರಾಜಕೀಯದೋರನ್ನ ಬಯ್ಯೋದು ಸುಲಭ, ಆದ್ರೆ ಈ ಪ್ರಶ್ನೆಗೆ ಉತ್ತರ ಹುಡುಕೋದು ನಿಜಕ್ಕೂ ಕಷ್ಟದ ಕೆಲ್ಸ.

ಯಾಕೆ ಕಷ್ಟ ಅಂದ್ರೆ, ಕಾರ್ಡ್ ತಗೊಂಡು ಆಸ್ಪತ್ರೆಗೆ ಹೋಗೋರು ಯಾರು? ಆಗ್ಲೇ ಸೀರಿಯಸ್ ಆಗಿರೋರು. ಕಾರ್ಡ್ ಬಳಸಿದೋರನ್ನೂ ಬಳಸ್ದೇ ಇರೋರನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಾರ್ಡ್ ಬಳಸಿದೋರೇ ಜಾಸ್ತಿ ಸತ್ತಿರ್ತಾರೆ, ಹಾಗಂತ ಕಾರ್ಡೇ ಕೊಂದಿದೆ ಅನ್ನಕ್ಕಾಗತ್ತಾ? ಸರಿ, ಯೋಜನೆ ಬರೋ ಮುಂಚೆ ಎಷ್ಟು ಸಾವು, ಬಂದ್ಮೇಲೆ ಎಷ್ಟು ಅಂತ ನೋಡೋಣ ಅಂದ್ರೆ ಅದೂ ಎಡವಟ್ಟು, ಯಾಕಂದ್ರೆ ಆ ನಡುವೆ ಇನ್ನೇನೇನೋ ಆಗಿರತ್ತೆ. ನಮ್ಮಲ್ಲೇ 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಶುರುವಾಯ್ತು, ರಸ್ತೆ ಆದ್ವು, ಎಲ್ಲರ ಕೈಗೂ ಮೊಬೈಲ್ ಬಂತು. ಸಾವು ಕಮ್ಮಿ ಆಗಿದ್ರೆ ಕ್ರೆಡಿಟ್ ಯಾರಿಗೆ ಕೊಡ್ತೀರ? ಬೇಕಾಗಿರೋದು ಏನಪ್ಪಾ ಅಂದ್ರೆ ಅದೇ ಥರದ ಜನ, ಅದೇ ಕಾಲ, ಅದೇ ಊರ ಕಡೆಯೋರು, ಒಂದು ಗುಂಪಿಗೆ ಯೋಜನೆ ಸಿಕ್ಕಿರ್ಬೇಕು, ಇನ್ನೊಂದಕ್ಕೆ ಸಿಕ್ಕಿರ್ಬಾರ್ದು.

ಅಂಥದ್ದೊಂದು ಸಂದರ್ಭ ಕರ್ನಾಟಕದಲ್ಲಿ ತಾನಾಗೇ ಸಿಕ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಅಂದ್ರೆ ಬಡವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ಫ್ರೀ ಕೊಡೋ ರಾಜ್ಯ ಸರ್ಕಾರದ ಯೋಜನೆ, ಶುರುವಾದಾಗ ಅದು ಇಡೀ ರಾಜ್ಯಕ್ಕೆ ಒಟ್ಟಿಗೆ ಬರ್ಲಿಲ್ಲ, ಮೊದ್ಲು ಕಲಬುರಗಿ ವಿಭಾಗದ ಕಡೆಯಿಂದ ಉತ್ತರದ ಜಿಲ್ಲೆಗಳಿಗೆ ಬಂತು, ದಕ್ಷಿಣದೋರು 2012ರ ತನಕ ಕಾಯ್ಬೇಕಾಯ್ತು. ಹೀಗಾಗಿ ಎರಡು ವರ್ಷ ರಾಜ್ಯದ ಮಧ್ಯೆ ಒಂದು ಗೆರೆ ಬಿದ್ದಿತ್ತು. ಬಳ್ಳಾರಿ ಜಿಲ್ಲೆ ದಾಟಿ ಚಿತ್ರದುರ್ಗ ಜಿಲ್ಲೆಗೆ ಕಾಲಿಟ್ರೆ ಮಳೆ ಬೇರೆ ಆಗಲ್ಲ, ಹೊಲ ಬೇರೆ ಆಗಲ್ಲ, ತಿನ್ನೋ ರೊಟ್ಟಿ ಮುದ್ದೆಲಿ ಸ್ವಲ್ಪ ಹೆಚ್ಚುಕಮ್ಮಿ ಆಗ್ಬಹುದು ಅಷ್ಟೆ, ಆದ್ರೆ ಆ ಕಡೆ ಬಿಪಿಎಲ್ ಕಾರ್ಡ್ ಇರೋನಿಗೆ ಹಾರ್ಟ್ ಆಪರೇಷನ್ ಫ್ರೀ, ಈ ಕಡೆಯೋನಿಗೆ ಇಲ್ಲ. ಸಂಶೋಧಕ ನೀರಜ್ ಸೂದ್ ಮತ್ತು ಜೊತೆಗಾರರು ಈ ಗೆರೆಯ ಎರಡೂ ಬದಿಯ ಹಳ್ಳಿಗಳನ್ನ ಹಿಡ್ಕೊಂಡು ಮನೆಮನೆ ಸರ್ವೆ ಮಾಡ್ಸಿದ್ರು, ಯೋಜನೆ ಇದ್ದ ಕಡೆ 300 ಹಳ್ಳಿ, ಇಲ್ಲದ ಕಡೆ 272 ಹಳ್ಳಿ, ಎಲ್ಲಾ ಸೇರಿ ಅರವತ್ತು ಸಾವಿರ ಮನೆ. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಯೋಜನೆ ಕವರ್ ಮಾಡ್ತಿದ್ದ ಕಾಯಿಲೆಗಳು, ಮುಖ್ಯವಾಗಿ ಹೃದಯದ ತೊಂದ್ರೆ ಮತ್ತು ಕ್ಯಾನ್ಸರ್, ಇವುಗಳಿಂದ ಆದ ಸಾವಿನ ಪ್ರಮಾಣ ಯೋಜನೆ ಸಿಕ್ಕಿದ್ದ ಬಡ ಕುಟುಂಬಗಳಲ್ಲಿ 0.32%, ಗೆರೆಯ ಆಚೆ ಸಿಗ್ದೇ ಇದ್ದ ಬಡ ಕುಟುಂಬಗಳಲ್ಲಿ 0.90%. ಅಂದ್ರೆ 64% ಕಮ್ಮಿ. ಇಂಥ ಚಿಕಿತ್ಸೆ ಕೊಡೋ ದೊಡ್ಡಾಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕೋ ದುಡ್ಡು ಸುಮಾರು 34% ಇಳಿದಿತ್ತು.

ಅನುಮಾನ ಬರೋದು ಸಹಜ. ಉತ್ತರದ ಹಳ್ಳಿಗಳಲ್ಲಿ ಬೇರೆ ಏನೋ ಒಳ್ಳೇದಾಗಿರ್ಬಹುದಲ್ವಾ? ಇದನ್ನ ಪರೀಕ್ಷೆ ಮಾಡಕ್ಕೆ ಅವರು ಮಾಡಿದ ಕೆಲ್ಸ ನಂಗೆ ತುಂಬಾ ಇಷ್ಟ ಆಯ್ತು, ಅದೇ ಹಳ್ಳಿಗಳ ಎಪಿಎಲ್ ಮನೆಗಳನ್ನ ನೋಡಿದ್ರು, ಅವರಿಗೆ ಯೋಜನೆ ಇರ್ಲಿಲ್ಲ. ಅಲ್ಲಿ ಗೆರೆಯ ಈಚೆಗೂ ಆಚೆಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ. ಆಮೇಲೆ ಬಡವರಲ್ಲೇ ಯೋಜನೆ ಕವರ್ ಮಾಡದ ಕಾಯಿಲೆಗಳ ಸಾವು ನೋಡಿದ್ರು, ಅಲ್ಲೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಂಡಿದ್ದು ಎಲ್ಲಿ ಕಾಣ್ಬೇಕಿತ್ತೋ ಅಲ್ಲಿ ಮಾತ್ರ. ಆದ್ರೂ 64 ಅನ್ನೋ ಅಂಕೆನ ನಾನು ಹಾಗೇ ನುಂಗಲ್ಲ, ನಿಜವಾದ ಇಳಿಕೆ ಅದಕ್ಕಿಂತ ಕಮ್ಮಿನೋ ಜಾಸ್ತಿನೋ ಇರ್ಬಹುದು ಅಂತ ಆ ಅಧ್ಯಯನವೇ ಒಂದು ಕೆಳಗಿನ ಅಂಕೆ, ಒಂದು ಮೇಲಿನ ಅಂಕೆ ಕೊಡತ್ತೆ, ಯೋಜನೆ ಯಾರಿಗೆ ಅಂತ ಚೀಟಿ ಎತ್ತಿ ಮಾಡಿದ ಪ್ರಯೋಗನೂ ಅಲ್ಲ ಇದು. ಕೆಳಗಿನ ಅಂಕೆನೇ ಹಿಡ್ಕೊಂಡ್ರೂ ಸಣ್ಣ ವಿಷಯ ಅಲ್ಲ ಬಿಡಿ.

ಈಗ ಎರಡನೇ ಲೆಕ್ಕ. ಇದೂ ಕರ್ನಾಟಕದಲ್ಲೇ ನಡೆದಿದ್ದು, ಇನ್ನೂ ಕಟ್ಟುನಿಟ್ಟಾಗಿ. 2008ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಿತ್ತು, ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಆಸ್ಪತ್ರೆ ವಿಮೆ, ಒಂದು ಸ್ಮಾರ್ಟ್ ಕಾರ್ಡ್. ಅದು ಬಡವರಿಗೆ ಇದ್ದಿದ್ದು. ಅದನ್ನೇ ಬಡತನದ ಗೆರೆಗಿಂತ ಸ್ವಲ್ಪ ಮೇಲಿರೋರಿಗೂ ಕೊಟ್ರೆ ಏನಾಗತ್ತೆ ಅಂತ ಸಂಶೋಧಕ ಅನೂಪ್ ಮಲಾನಿ ಮತ್ತು ತಂಡ 435 ಹಳ್ಳಿಯ 10,879 ಕುಟುಂಬಗಳನ್ನ ಚೀಟಿ ಎತ್ತಿದ ಥರ ಗುಂಪು ಮಾಡಿದ್ರು. ಒಂದು ಗುಂಪಿಗೆ ವಿಮೆ ಫ್ರೀ, ಒಂದು ಗುಂಪಿಗೆ ದುಡ್ಡು ಕೊಟ್ಟು ತಗೋಬಹುದು, ಇನ್ನೊಂದಕ್ಕೆ ತಗೋಬಹುದು ಜೊತೆಗೆ ಒಂದಿಷ್ಟು ನಗದು, ಕೊನೇ ಗುಂಪಿಗೆ ಏನೂ ಇಲ್ಲ. ಚೀಟಿ ಎತ್ತಿದ್ರಿಂದ ಗುಂಪುಗಳ ನಡುವೆ ಬೇರೆ ಯಾವ ವ್ಯತ್ಯಾಸನೂ ಇರಲ್ಲ, ಆಮೇಲೆ ಕಾಣೋದೆಲ್ಲ ವಿಮೆಯಿಂದಲೇ ಅಂತ ಧೈರ್ಯವಾಗಿ ಹೇಳ್ಬಹುದು.

ಜನ ವಿಮೆ ಬೇಡ ಅನ್ಲಿಲ್ಲ. ಫ್ರೀ ಅಂದಾಗ ಸುಮಾರು 79% ತಗೊಂಡ್ರು, ದುಡ್ಡು ಕೊಡ್ಬೇಕು ಅಂದ್ರೂ 60% ತಗೊಂಡ್ರು, ಹಳ್ಳಿ ಜನಕ್ಕೆ ವಿಮೆ ಅರ್ಥ ಆಗಲ್ಲ ಅನ್ನೋರಿಗೆ ಇದೊಂದು ಉತ್ತರ. ಆದ್ರೆ ಆರೋಗ್ಯ? ಮೂರೂವರೆ ವರ್ಷದ ತನಕ ಬೆನ್ನತ್ತಿ ಹೋಗಿ ಎಂಬತ್ತರಷ್ಟು ವಿಷಯಗಳನ್ನ ಅಳೆದು ನೋಡಿದ್ರು, ಗಟ್ಟಿಯಾಗಿ ಹೇಳೋ ಅಂಥ ಬದಲಾವಣೆ ಏನೂ ಸಿಗ್ಲಿಲ್ಲ. ಬಳಸಕ್ಕೆ ಹೋದೋರಲ್ಲಿ ತುಂಬಾ ಜನಕ್ಕೆ ಬಳಸಕ್ಕೇ ಆಗ್ಲಿಲ್ಲ, ಕೆಲವರು ಕಾರ್ಡ್ ಮನೇಲೇ ಬಿಟ್ಟು ಹೋಗಿದ್ರು, ಕೆಲವರಿಗೆ ಹೇಗೆ ಬಳಸ್ಬೇಕು ಅಂತ ಗೊತ್ತಿರ್ಲಿಲ್ಲ, ಇನ್ನು ಕೆಲವು ಕಡೆ ಆಸ್ಪತ್ರೆಯೋರ ಕಡೆಯಿಂದಲೇ ಅಡ್ಡಿ. ಆದ್ರೆ ಒಂದು ವಿಷಯ ಮಜಾ ಇದೆ, ಯಾವ ಹಳ್ಳೀಲಿ ಜಾಸ್ತಿ ಮನೆಗಳಿಗೆ ವಿಮೆ ಸಿಕ್ಕಿತ್ತೋ ಅಲ್ಲಿ ಒಬ್ಬೊಬ್ಬರು ಬಳಸೋದೂ ಜಾಸ್ತಿ ಇತ್ತು. ಪಕ್ಕದ ಮನೆಯೋರು ಹೋಗಿ ಬಂದು ಹಿಂಗಿಂಗೆ ಮಾಡ್ಬೇಕು, ಈ ಕೌಂಟರ್‌ಗೆ ಹೋಗ್ಬೇಕು ಅಂತ ಹೇಳಿದ್ರೆ ತಾನೇ ನಮಗೂ ಧೈರ್ಯ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2008ರಲ್ಲಿ ಬಡವರ ವಿಮೆನ ಲಾಟರಿ ಎತ್ತಿ ಕೊಟ್ಟಿದ್ರು, ಅಲ್ಲೂ ಎರಡು ವರ್ಷದಲ್ಲಿ ಬಿಪಿ ಕೊಲೆಸ್ಟ್ರಾಲ್ ಇಳಿದಿದ್ದು ಗಟ್ಟಿಯಾಗಿ ಕಾಣ್ಲಿಲ್ಲ, ಸಾಲದ ಹೊರೆ ಮತ್ತು ಮಾನಸಿಕ ಖಿನ್ನತೆ ಮಾತ್ರ ಕಮ್ಮಿ ಆಯ್ತು. ಸಾಲ ಇಲ್ದೇ ನಿದ್ದೆ ಬರೋದೂ ಆರೋಗ್ಯವೇ ಅನ್ನೋರ ಪಕ್ಷ ನಾನು, ಆದ್ರೆ ಅದು ಬೇರೆ ಚರ್ಚೆ.

ಒಂದೇ ರಾಜ್ಯ, ಎರಡೂ ವಿಮೆನೇ, ಒಂದರಲ್ಲಿ ಸಾವು ಅರ್ಧಕ್ಕಿಂತ ಕೆಳಗೆ, ಇನ್ನೊಂದರಲ್ಲಿ ಸೊನ್ನೆ. ಜನ ಬೇರೆ ಥರದೋರು, ಅಳತೆನೂ ಬೇರೆ, ಅದನ್ನ ಒಪ್ಕೋಬೇಕು. ಆದ್ರೆ ಎರಡು ಯೋಜನೆಗಳ ಒಳಗಿನ ಕೆಲ್ಸದ ರೀತಿ ನೋಡಿದ್ರೆ ಇನ್ನೂ ದೊಡ್ಡ ವ್ಯತ್ಯಾಸ ಕಾಣತ್ತೆ ಅನ್ನೋದು ನನ್ನ ಅಭಿಪ್ರಾಯ.

ಆರೋಗ್ಯಶ್ರೀಗೆ ನೋಂದಣಿ ಅಂತ ಬೇರೆ ಇರ್ಲಿಲ್ಲ, ಪ್ರೀಮಿಯಮ್ ಇಲ್ಲ, ಬಿಪಿಎಲ್ ಕಾರ್ಡ್ ಇದ್ರೆ ನೀವು ಒಳಗೆ. ರೇಷನ್ ಕಾರ್ಡ್ ಎಲ್ಲಿಟ್ಟಿದೀವಿ ಅನ್ನೋದನ್ನ ನಮ್ಮ ಕಡೆ ಯಾರೂ ಮರೆಯಲ್ಲ, ಸ್ಮಾರ್ಟ್ ಕಾರ್ಡ್ ಮರೀತಾರೆ. ಎರಡ್ನೇದು, ರೋಗಿ ಬರ್ಲಿ ಅಂತ ಆಸ್ಪತ್ರೆ ಕೂತ್ಕೊಳ್ಳೋ ಹಾಗಿರ್ಲಿಲ್ಲ, ಲಿಸ್ಟ್‌ನಲ್ಲಿದ್ದ ಆಸ್ಪತ್ರೆಗಳೇ ಹಳ್ಳಿ ಕಡೆ ಬಂದು ಕ್ಯಾಂಪ್ ಮಾಡ್ತಿದ್ವು. ಎದೆ ಉರಿ, ಗ್ಯಾಸ್ಟ್ರಿಕ್ ಅಂತ ವರ್ಷಗಟ್ಲೆ ಸೋಡ ಕುಡ್ಕೊಂಡು ಓಡಾಡೋರನ್ನ ಕೂರ್ಸಿ ಪರೀಕ್ಷೆ ಮಾಡಿ, ಇದು ಹೃದಯದ್ದು, ಇಂಥ ದಿನ ಬನ್ನಿ ಅಂತ ಹೇಳಿ ಕಳ್ಸೋ ವ್ಯವಸ್ಥೆ ಇದು. ದೊಡ್ಡಾಸ್ಪತ್ರೆ ಬಾಗ್ಲಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರ್ತಿದ್ರು, ಯಾವ ಫಾರ್ಮ್, ಎಲ್ಲಿ ಸಹಿ, ಒಪ್ಪಿಗೆ ಬಂತಾ ಅನ್ನೋದೆಲ್ಲ ಅವರ ತಲೆನೋವು. ಊರಿಂದ ಬೆಂಗಳೂರಿಗೆ ಮೊದಲ್ನೇ ಸಲ ಬಂದೋರಿಗೆ ಈ ಒಬ್ಬ ಮನುಷ್ಯ ಎಷ್ಟು ಮುಖ್ಯ ಅನ್ನೋದು ದೊಡ್ಡಾಸ್ಪತ್ರೆ ಕಾರಿಡಾರ್‌ನಲ್ಲಿ ಫೈಲ್ ಹಿಡ್ಕೊಂಡು ಯಾರನ್ನ ಕೇಳೋದು ಅಂತ ನಿಂತೋರಿಗೇ ಗೊತ್ತು. ಮೂರ್ನೇದು, ಕವರ್ ಆಗ್ತಿದ್ದಿದ್ದು ಜೀವ ತೆಗೆಯೋ ಕಾಯಿಲೆಗಳು, ಪ್ರತಿ ಚಿಕಿತ್ಸೆಗೂ ಫಿಕ್ಸ್ ಪ್ಯಾಕೇಜ್, ಯೋಜನೆ ನಡೆಸ್ತಿದ್ದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮುಂಚೆನೇ ಒಪ್ಪಿಗೆ ಕೊಟ್ರೆ ಮಾತ್ರ ಆಪರೇಷನ್. ಈ ಕಾವಲು ಸಡಿಲ ಆದ್ರೆ ಏನಾಗತ್ತೆ ಅನ್ನೋದಕ್ಕೆ ಛತ್ತೀಸ್‌ಗಢ, ಬಿಹಾರ ನೋಡಿ, ಸ್ಮಾರ್ಟ್ ಕಾರ್ಡ್ ದುಡ್ಡಿಗೋಸ್ಕರ ಬೇಡದೇ ಇರೋ ಹೆಂಗಸರಿಗೂ ಗರ್ಭಕೋಶ ತೆಗೆದ್ರು ಅನ್ನೋ ಆರೋಪ 2012ರಲ್ಲಿ ದೊಡ್ಡದಾಗಿ ಎದ್ದಿತ್ತು.

ಈಗಿನ ಕಥೆಗೆ ಬರೋಣ. 2018ರಲ್ಲಿ ಇದೆಲ್ಲ ಸೇರ್ಕೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆಯ್ತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನೋರಿಗೆ ಪ್ಯಾಕೇಜ್‌ನ 30% ಸರ್ಕಾರದ್ದು. ಮೊದ್ಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಲೆಟರ್ ತಗೊಂಡು ಪ್ರೈವೇಟ್‌ಗೆ ಹೋಗ್ಬೇಕು, ಎಮರ್ಜೆನ್ಸಿ ಆದ್ರೆ ಮಾತ್ರ ಸೀದಾ. ಸರ್ಕಾರಿ ಆಸ್ಪತ್ರೆಗೆ ಕೆಲ್ಸ ಮತ್ತು ದುಡ್ಡು ಎರಡೂ ಬರ್ಲಿ ಅನ್ನೋ ಲೆಕ್ಕ ಸರಿನೇ. ಆದ್ರೆ ಆ ಒಂದು ಲೆಟರ್‌ಗೋಸ್ಕರ ಕೂಲಿ ಬಿಟ್ಟು ಎರಡು ಬಸ್ ಹತ್ತಿ ಬಂದು, ಸಹಿ ಹಾಕೋ ಡಾಕ್ಟ್ರು ಓಟಿಲಿದಾರೆ ನಾಳೆ ಬನ್ನಿ ಅಂದ್ರೆ ಎಷ್ಟು ಜನ ನಾಳೆ ಬರ್ತಾರೆ? ಕಾರ್ಡ್‌ನಲ್ಲಿ 5 ಲಕ್ಷ ಇದೆ, ಜೇಬಲ್ಲಿ ಇನ್ನೊಂದು ಸಲದ ಬಸ್ ಚಾರ್ಜಿಲ್ಲ. ಇಂಥ ಕಡೆನೇ ಒಳ್ಳೇ ಯೋಜನೆ ಸೋರಿ ಹೋಗೋದು, ಹೊಸ ಕಾರ್ಡ್ ಪ್ರಿಂಟ್ ಮಾಡೋದಕ್ಕಿಂತ ಆ ಸಹಿನ ಅದೇ ದಿನ ಸಿಗೋ ಹಾಗೆ ಮಾಡೋದು ಅಗ್ಗ.

ಇನ್ನೊಂದು ದೊಡ್ಡ ತೂತಿದೆ. ಈ ವಿಮೆಗಳೆಲ್ಲ ಅಡ್ಮಿಟ್ ಆದ್ರೆ ಮಾತ್ರ. ದೇಶದ ಒಟ್ಟು ಆರೋಗ್ಯ ಖರ್ಚಲ್ಲಿ ಜನ ಕೈಯಿಂದ ಹಾಕೋ ಪಾಲು 2013-14ರಲ್ಲಿ 64.2% ಇದ್ದಿದ್ದು 2021-22ಕ್ಕೆ 39.4% ಆಗಿದೆ ಅಂತ ಸರ್ಕಾರದ ಲೆಕ್ಕ, ಇಳಿದಿದ್ದು ಒಳ್ಳೇದೇ, ಆದ್ರೆ ಮನೆಯೋರ ಜೇಬಿಂದ ಹೋಗೋದ್ರಲ್ಲಿ ದೊಡ್ಡ ಭಾಗ ಇವತ್ತಿಗೂ ಓಪಿಡಿ, ಅಂದ್ರೆ ಅಡ್ಮಿಟ್ ಆಗ್ದೇ ತೋರ್ಸ್ಕೊಂಡು ಬರೋದು, ಮತ್ತು ಮಾತ್ರೆ. ಬಿಪಿ ಮಾತ್ರೆ ದುಡ್ಡಿಲ್ಲ ಅಂತ ಹದಿನೈದು ದಿನ ಬಿಟ್ಟೋರಿಗೆ ವಿಮೆ ಏನೂ ಕೊಡಲ್ಲ, ಅದೇ ಮನುಷ್ಯನಿಗೆ ಸ್ಟ್ರೋಕ್ ಆಗಿ ಬಿದ್ಮೇಲೆ ಲಕ್ಷಗಟ್ಲೆ ಕೊಡತ್ತೆ. ಯಾರ ಲೆಕ್ಕದಲ್ಲಿ ಇದು ಉಳಿತಾಯ?

2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆ ಈ ತೂತನ್ನೇ ಮುಚ್ಚಕ್ಕೆ ಹೊರಟಿರೋದು, ಮನೆ ಬಾಗ್ಲಿಗೆ ಹೋಗಿ ಬಿಪಿ ಶುಗರ್ ನೋಡಿ ಮಾತ್ರೆ ಕೊಡೋದು, ಆಮೇಲೆ 2025ರಲ್ಲಿ ಬೇರೆ ಜಿಲ್ಲೆಗಳಿಗೂ ಹೋಯ್ತು. ಹಳೇ ಆರೋಗ್ಯಶ್ರೀ ಕ್ಯಾಂಪಿನ ಗುಣ ಇದ್ರಲ್ಲಿದೆ, ಜನ ಬರ್ಲಿ ಅಂತ ಕಾಯಲ್ಲ. ಇಂಥ ಯೋಜನೆನ ಹಂತಹಂತವಾಗಿ ತರೋದಾದ್ರೆ ಯಾವ ತಾಲ್ಲೂಕು ಮೊದ್ಲು ಅನ್ನೋದನ್ನ ಮಂತ್ರಿಗಳ ಊರು ನೋಡಿ ಅಲ್ಲ, ಚೀಟಿ ಎತ್ತಿ ತೀರ್ಮಾನ ಮಾಡ್ಲಿ, ಸರದಿ ಕಾಯ್ತಿರೋ ತಾಲ್ಲೂಕಲ್ಲೂ ಅದೇ ದಿನ ಜನರ ಬಿಪಿ ಅಳೆದು ಬರೆದಿಡ್ಲಿ. ಇದಕ್ಕೆ ಹೊಸ ಬಜೆಟ್ ಏನೂ ಬೇಡ, ಆಶಾ ಕಾರ್ಯಕರ್ತೆಯರ ರಿಜಿಸ್ಟರ್‌ನಲ್ಲಿ ಎರಡು ಕಾಲಂ ಜಾಸ್ತಿ ಮತ್ತೆ ಅದನ್ನ ತುಂಬೋದಕ್ಕೆ ಅವರಿಗೆ ಸರಿಯಾದ ಕೂಲಿ.