ಪಕ್ಕದ ಮನೆಯವರ ಮೇಲೆ ಕೌನ್ಸಿಲ್‌ಗೆ ದೂರು ಕೊಟ್ಟರೆ ನನ್ನ ಹೆಸರು ಅವರಿಗೆ ಗೊತ್ತಾಗುತ್ತಾ?

ಇಂಗ್ಲೆಂಡಿನಲ್ಲಿರುವ ಕನ್ನಡದವರು ಆಗಾಗ ಕೇಳುವ ಪ್ರಶ್ನೆ ಇದು. (ಕೌನ್ಸಿಲ್ ಅಂದರೆ ನಮ್ಮೂರ ನಗರಸಭೆಯಂಥದ್ದು.) ಈ ಸಲ ಬಂದದ್ದು ಹೀಗಿದೆ:

"ಪಕ್ಕದ ಮನೆಯಲ್ಲಿ ವಾರಕ್ಕೆ ಮೂರು ರಾತ್ರಿ ಜೋರು ಮ್ಯೂಸಿಕ್ಕು, ಬಾಗಿಲು ಬಡಿಯೋದು, ಕೂಗಾಟ. ಒಂದು ಸಲ ಹೋಗಿ ಹೇಳಿದೆ, ನಕ್ಕು ಕಳಿಸಿದರು. ಕೌನ್ಸಿಲ್‌ಗೆ ದೂರು ಕೊಡೋಣ ಅಂದರೆ ನಮ್ಮ ಯಜಮಾನರು ಬೇಡ ಅಂತಾರೆ. ನಮ್ಮ ಹೆಸರು ಅವರಿಗೆ ಗೊತ್ತಾಗುತ್ತಾ? ಪೊಲೀಸರಿಗೂ ಹೋಗುತ್ತಾ? ನಮ್ಮದಿನ್ನೂ ವೀಸಾ, ಅದಕ್ಕೇನಾದರೂ ತೊಂದರೆ ಆಗುತ್ತಾ?"

ಚುಟುಕಾಗಿ ಹೇಳಿಬಿಡುತ್ತೇನೆ. ಕೌನ್ಸಿಲ್‌ನವರು ಸಾಮಾನ್ಯವಾಗಿ ನಿಮ್ಮ ಹೆಸರನ್ನು ಪಕ್ಕದವರಿಗೆ ಹೇಳುವುದಿಲ್ಲ. ಪೊಲೀಸರಿಗೆ ಹೇಳಬಹುದು, ಅದಕ್ಕೆ ಕಾನೂನಿನಲ್ಲಿ ದಾರಿ ಇದೆ. ವೀಸಾ ಭಯ ಬಿಡಿ. ವೀಸಾ ಫಾರ್ಮಿನಲ್ಲಿ ನಿಮಗೆ ಶಿಕ್ಷೆ ಆಗಿದೆಯಾ ಅಂತ ಕೇಳುತ್ತಾರೆ, ನೀವು ಯಾರ ಮೇಲಾದರೂ ದೂರು ಕೊಟ್ಟಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಆದರೆ ಕೌನ್ಸಿಲ್ ಬಾಯಿ ಬಿಡದಿದ್ದರೂ ದೂರು ಕೊಟ್ಟವರು ನೀವೇ ಅಂತ ಪಕ್ಕದವರಿಗೆ ಗೊತ್ತಾಗಿಬಿಡಬಹುದು. ಎಷ್ಟೋ ಸಲ ಅದಕ್ಕೆ ಕಾರಣ ನಾವೇ ಬರೆದುಕೊಟ್ಟ ಕಾಗದ.

ನನ್ನದೇ ಕತೆ ಕೇಳಿ. ನಾಲ್ಕು ಫ್ಲಾಟಿನ ಒಂದು ಹಳೇ ಕಟ್ಟಡದಲ್ಲಿ ಬಾಡಿಗೆಗೆ ಇದ್ದೆವು. ಕೆಳಗಿನ ಮನೆಯವನ ಸ್ಪೀಕರಿಗೆ ನಮ್ಮ ಅಡುಗೆಮನೆಯ ಲೋಟಗಳು ಅಲುಗಾಡುತ್ತಿದ್ದವು. ದೂರು ಕೊಟ್ಟ ಮೇಲೆ ಕೌನ್ಸಿಲ್‌ನಿಂದ ಡೈರಿ ಶೀಟು ಬಂತು. ಉದ್ದಕ್ಕೆ ಗೆರೆ ಹಾಕಿದ ಹಾಳೆ: ತಾರೀಕು, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು, ಎಂಥ ಶಬ್ದ, ಕೊನೆಯಲ್ಲಿ 'ನಿಮಗೆ ಏನು ತೊಂದರೆ ಆಯಿತು'. ಆ ಕೊನೆಯ ಕಾಲಂ ಇದೆಯಲ್ಲ, ಅಲ್ಲಿ ನಾವು ಮನಸ್ಸು ಬಿಚ್ಚಿ ಬರೆದೆವು. ಊರಿಂದ ಅತ್ತೆ ಬಂದಿದ್ದಾರೆ, ಅವರಿಗೆ ಬಿ.ಪಿ. ಇದೆ, ರಾತ್ರಿ ಎರಡರವರೆಗೂ ಕೂತೇ ಇದ್ದರು ಅಂತ.

ಕೆಲವು ತಿಂಗಳ ನಂತರ ಕೆಳಗಿನ ಮನೆಯವನು ತನ್ನ ಬಗ್ಗೆ ಕೌನ್ಸಿಲ್‌ನಲ್ಲಿ ಏನೇನಿದೆ ಕೊಡಿ ಅಂತ ಅರ್ಜಿ ಹಾಕಿದ. ಕೊಟ್ಟರು. ಹೆಸರಿನ ಮೇಲೆ ಕಪ್ಪು ಪಟ್ಟಿ, ಫ್ಲಾಟ್ ನಂಬರಿನ ಮೇಲೆ ಕಪ್ಪು ಪಟ್ಟಿ, ಫೋನ್ ನಂಬರಿನ ಮೇಲೂ ಕಪ್ಪು ಪಟ್ಟಿ. ಕೊನೆಯ ಕಾಲಂನಲ್ಲಿ ಒಂದೇ ಒಂದು ಸಾಲು ಹಾಗೇ ಉಳಿದುಬಿಟ್ಟಿತ್ತು, ಇಂಡಿಯಾದಿಂದ ಬಂದ ಅತ್ತೆ ನಿದ್ದೆ ಮಾಡಲಿಲ್ಲ ಅನ್ನುವುದು. ಆ ಕಟ್ಟಡದಲ್ಲಿ ಇಂಡಿಯಾದವರು ಅಂತ ಇದ್ದದ್ದು ನಾವೊಂದೇ ಮನೆ. ಒಂದಿನ ಮೆಟ್ಟಿಲಲ್ಲಿ ಎದುರಾದಾಗ ಅವನು ಬಹಳ ವಿನಯದಿಂದ ಕೇಳಿದ, "ನಿಮ್ಮ ಅತ್ತೆ ಈಗ ಹೇಗಿದ್ದಾರೆ?" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಗಾಗಿ ಆ ಕೊನೆಯ ಕಾಲಂನಲ್ಲಿ ಹುಷಾರಾಗಿ ಬರೆಯಿರಿ. 'ಮಲಗಲು ಆಗಲಿಲ್ಲ, ಬೆಡ್‌ರೂಮಿನ ಬಾಗಿಲು ಮುಚ್ಚಿದರೂ ಹಾಡಿನ ಪದ ಕೇಳಿಸುತ್ತಿತ್ತು' ಅಂದರೆ ಅಧಿಕಾರಿಗೆ ಬೇಕಾದ ವಿಷಯ ಸಿಕ್ಕಿತು. ಮಗಳ ಪರೀಕ್ಷೆ, ಯಜಮಾನರ ನೈಟ್ ಶಿಫ್ಟು, ಅತ್ತೆಯ ಬಿ.ಪಿ. ಇವನ್ನೆಲ್ಲ ಹೇಳಲೇಬೇಕು ಅಂತಿದ್ದರೆ ಫೋನಿನಲ್ಲಿ ಹೇಳಿ, 'ಇದರಿಂದ ನನ್ನ ಗುರುತು ಸಿಗುತ್ತದೆ, ಯಾರಿಗೂ ಕೊಡಬೇಡಿ' ಅಂತ ಒಂದು ಇಮೇಲ್ ಹಾಕಿ. ಫೈಲಿನಲ್ಲಿ ಆ ಇಮೇಲ್ ಇದ್ದರೆ ಮುಂದೆ ಕಪ್ಪು ಪಟ್ಟಿ ಹಾಕುವವರ ಕಣ್ಣಿಗೆ ಬೀಳುತ್ತದೆ. ಅವರು ನಮ್ಮನ್ನು ನೋಡಿರುವುದಿಲ್ಲ, ಯಾವ ಸಾಲಿನಿಂದ ಗುರುತು ಸಿಗುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಅವನು ಹಾಕಿದ ಅರ್ಜಿಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ಯಾರು ಬೇಕಾದರೂ ಹಾಕಬಹುದು, ದುಡ್ಡು ಕೊಡಬೇಕಿಲ್ಲ, ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ವಿಷಯ ತುಂಬಾ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ಎಳೆಯಬಹುದು. ಅವನ ಬಗೆಗಿನ ಮಾಹಿತಿ ಕೇಳುವುದು ಅವನ ಹಕ್ಕು. ಆದರೆ ಅದರಲ್ಲಿ ಬೇರೆಯವರ ಮಾಹಿತಿಯೂ ಸೇರಿಕೊಂಡಿದ್ದರೆ, ಆ ಬೇರೆಯವರು ಒಪ್ಪಿರಬೇಕು, ಇಲ್ಲವೇ ಒಪ್ಪಿಗೆ ಇಲ್ಲದೆಯೂ ಕೊಡುವುದು ನ್ಯಾಯ ಅನ್ನಿಸಬೇಕು. 2018ರ ಡೇಟಾ ಪ್ರೊಟೆಕ್ಷನ್ ಆಕ್ಟ್ ಇದನ್ನು ಹೇಳುತ್ತದೆ. ಆ ಕಪ್ಪು ಪಟ್ಟಿಗಳು ಬಂದದ್ದು ಅಲ್ಲಿಂದ.

ಇದೇ ಹಕ್ಕು ನಿಮಗೂ ಇದೆ. ನಾಳೆ ಯಾರೋ ನಿಮ್ಮ ಮೇಲೇ ದೂರು ಕೊಟ್ಟರು ಅಂದುಕೊಳ್ಳಿ, ನೀವೂ ಕೇಳಬಹುದು. (ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಗ್ಗರಣೆ ವಾಸನೆಗೆ ಕೌನ್ಸಿಲ್‌ನವರು ಬರುತ್ತಾರೆ ಅಂತ ಹೆದರಿಕೊಂಡು ಕಿಟಕಿ ಮುಚ್ಚಿ ಅಡುಗೆ ಮಾಡುವವರಿದ್ದಾರೆ. 1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಆಕ್ಟಿನಲ್ಲಿ ವಾಸನೆ ಉಪದ್ರವ ಅಂತ ಲೆಕ್ಕಕ್ಕೆ ಬರುವುದು ಅಂಗಡಿ, ಹೋಟೆಲ್, ಫ್ಯಾಕ್ಟರಿಯಂಥ ಜಾಗದಿಂದ ಬಂದರೆ. ಮನೆಯ ಒಗ್ಗರಣೆ ಆ ಪಟ್ಟಿಯಲ್ಲಿಲ್ಲ. ಇಂಗು ಧಾರಾಳವಾಗಿ ಹಾಕಿ.)

ಈಗ ಪೊಲೀಸರ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1998ರ ಕ್ರೈಮ್ ಆಂಡ್ ಡಿಸಾರ್ಡರ್ ಆಕ್ಟ್ ಅಂತ ಒಂದಿದೆ. ಊರಿನ ಸುರಕ್ಷತೆ ಬರೀ ಪೊಲೀಸರ ತಲೆನೋವು ಅಂತಿದ್ದದ್ದನ್ನು ಅದು ಬದಲಾಯಿಸಿತು. ಕೌನ್ಸಿಲ್, ಪೊಲೀಸ್, ಫೈರ್ ಸರ್ವಿಸ್, ಶಿಕ್ಷೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್, ಆರೋಗ್ಯ ಇಲಾಖೆಯವರು ಎಲ್ಲ ಒಟ್ಟಿಗೆ ಕೂತು ಕೆಲಸ ಮಾಡಬೇಕು ಅಂತ ಹೇಳಿತು. ಈ ಗುಂಪಿಗೆ ಕಮ್ಯುನಿಟಿ ಸೇಫ್ಟಿ ಪಾರ್ಟ್‌ನರ್‌ಶಿಪ್ ಅಂತ ಹೆಸರು. ಒಟ್ಟಿಗೆ ಕೂತ ಮೇಲೆ ಮಾತಾಡಬೇಕಲ್ಲ? ಅದಕ್ಕೆ ಆ ಕಾನೂನಿನ 115ನೇ ಸೆಕ್ಷನ್ ಇದೆ. ಅಪರಾಧ, ಗಲಾಟೆ ತಡೆಯಲು ಬೇಕಾದರೆ ಇವರು ಒಬ್ಬರಿಗೊಬ್ಬರು ಮಾಹಿತಿ ಕೊಡಬಹುದು. 'ಕೊಡಬಹುದು' ಅಂತಿದೆ, 'ಕೊಡಲೇಬೇಕು' ಅಂತಿಲ್ಲ. ಕೊಡುವಾಗಲೂ ಎಷ್ಟು ಬೇಕೋ ಅಷ್ಟೇ. ಈ ಸಭೆಗಳಲ್ಲಿ ಮಾತು ಜಾಸ್ತಿ ನಡೆಯುವುದು ಗಲಾಟೆ ಮಾಡುವವರ ಬಗ್ಗೆ. ಆ ವಿಳಾಸಕ್ಕೆ ಪೊಲೀಸರು ಎಷ್ಟು ಸಲ ಹೋಗಿದ್ದರು, ಹೌಸಿಂಗ್‌ನವರ ಹತ್ತಿರ ಏನಿದೆ, ಆ ಮನೆಯಲ್ಲಿ ಮಕ್ಕಳಿದ್ದಾರಾ ಅಂತ. ಎಷ್ಟೋ ಸಲ ಬರೀ ಮ್ಯೂಸಿಕ್ಕಿನ ದೂರು ಅಂತ ಶುರುವಾಗಿದ್ದು, ಆ ಮನೆಯೊಳಗೆ ಯಾರಿಗೋ ಏಟು ಬೀಳುತ್ತಿದೆ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಕೌನ್ಸಿಲ್ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಕಾಯಲೂ ಬಾರದು.

ಒಪ್ಪಿಗೆ ಅಂದಾಗ ನೆನಪಾಯಿತು. 'ನಾನು ಎಲ್ಲೂ ಸೈನ್ ಹಾಕಿಲ್ಲ, ನನ್ನ ಮಾಹಿತಿ ಹೇಗೆ ಇಟ್ಟುಕೊಂಡರು?' ಅಂತ ಸಿಟ್ಟು ಮಾಡಿಕೊಳ್ಳುವವರು ಬಹಳ. ಈ ಕೆಲಸಕ್ಕೆ ಕೌನ್ಸಿಲ್ ಸಾಮಾನ್ಯವಾಗಿ ಒಪ್ಪಿಗೆಯನ್ನು ಆಧಾರ ಮಾಡಿಕೊಳ್ಳುವುದೇ ಇಲ್ಲ. ಕಾನೂನು ತನಗೆ ಕೊಟ್ಟ ಸಾರ್ವಜನಿಕ ಕೆಲಸ ಇದು ಅನ್ನುವ ಆಧಾರದ ಮೇಲೆ ಇಟ್ಟುಕೊಳ್ಳುತ್ತದೆ. ಯೋಚಿಸಿ ನೋಡಿ, ಒಪ್ಪಿಗೆ ಬೇಕೇ ಬೇಕು ಅಂತಾಗಿದ್ದರೆ ಪಕ್ಕದ ಮನೆಯವನು 'ನನ್ನ ಒಪ್ಪಿಗೆ ಇಲ್ಲ, ಫೈಲು ಅಳಿಸಿ' ಅಂದುಬಿಡುತ್ತಿದ್ದ. ಕತೆ ಮುಗಿಯುತ್ತಿತ್ತು.

ಕೌನ್ಸಿಲ್‌ನವರು ಎಲ್ಲವನ್ನೂ ಸರಿಯಾಗಿ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್‌ನಲ್ಲಿ 2017ರಲ್ಲಿ ಆದದ್ದು ನೋಡಿ. ಲಂಡನ್ ಪೊಲೀಸರು ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಅಂತ ಒಂದು ಪಟ್ಟಿ ಇಟ್ಟಿದ್ದರು, ಗ್ಯಾಂಗಿನಲ್ಲಿದ್ದಾರೆ ಅಂತ ಅವರು ಅಂದುಕೊಂಡವರ ಪಟ್ಟಿ. ಕೌನ್ಸಿಲ್‌ನ ಒಬ್ಬ ನೌಕರರು 203 ಜನರ ವಿವರ ಇದ್ದ ಆ ಪಟ್ಟಿಯನ್ನು, ಯಾವ ಹೆಸರನ್ನೂ ಮುಚ್ಚದೆ, 44 ಜನರಿಗೆ ಇಮೇಲ್ ಮಾಡಿಬಿಟ್ಟರು. ಮುಂದೆ ಅದರ ಫೋಟೋಗಳು ಸ್ನ್ಯಾಪ್‌ಚಾಟ್‌ನಲ್ಲಿ ಎದುರಾಳಿ ಗ್ಯಾಂಗಿನವರ ಕೈಗೆ ಸಿಕ್ಕವು. ಡೇಟಾ ಕಾನೂನು ಪಾಲನೆ ಆಗುತ್ತಿದೆಯಾ ಅಂತ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿ, ಎಲ್ಲರೂ ಐಸಿಒ ಅನ್ನುವುದು ಅದಕ್ಕೇ, 2019ರಲ್ಲಿ ಕೌನ್ಸಿಲ್‌ಗೆ 1,45,000 ಪೌಂಡ್ ದಂಡ ಹಾಕಿತು. ದಂಡದ ದುಡ್ಡು ಕೊನೆಗೆ ಹೋಗುವುದು ಊರಿನವರ ಕೌನ್ಸಿಲ್ ಟ್ಯಾಕ್ಸಿನಂಥ ಹಣದಿಂದಲೇ, ಅದು ಬೇರೆ ಸಂಕಟ.

ಇನ್ನೊಂದು ಪೂಲ್ ಅನ್ನುವ ಕಡಲ ಊರಿನದು. ಒಂದು ಕುಟುಂಬ ಮಗುವಿಗೆ ಸೀಟು ಕೇಳಿದ ಶಾಲೆಯ ಏರಿಯಾದಲ್ಲೇ ನಿಜವಾಗಿಯೂ ಇದೆಯಾ ಅಂತ ನೋಡಲು 2008ರಲ್ಲಿ ಕೌನ್ಸಿಲ್‌ನವರು ಅವರ ಹಿಂದೆ ಗುಟ್ಟಾಗಿ ಬಿದ್ದಿದ್ದರು. ಸುಮಾರು ಮೂರು ವಾರ! ಅದಕ್ಕೆ ಬಳಸಿದ್ದು ದೊಡ್ಡ ಅಪರಾಧಗಳ ತನಿಖೆಗೂ ಬಳಸುವ ಕಾನೂನು. 2010ರಲ್ಲಿ ಟ್ರಿಬ್ಯೂನಲ್ ಇದು ತಪ್ಪು ಅಂದಿತು. 2012ರಿಂದ ನಿಯಮ ಬಿಗಿಯಾಯಿತು: ಕೌನ್ಸಿಲ್ ಯಾರ ಮೇಲಾದರೂ ಗುಟ್ಟಾಗಿ ಕಣ್ಣಿಡಬೇಕಾದರೆ ಮ್ಯಾಜಿಸ್ಟ್ರೇಟ್ ಒಪ್ಪಬೇಕು, ಅಪರಾಧವೂ ಬಹುತೇಕ ಆರು ತಿಂಗಳ ಜೈಲಾದರೂ ಆಗುವಂಥದ್ದಾಗಿರಬೇಕು. ನಿಮ್ಮ ಪಕ್ಕದ ಮನೆಯವರಿಗೆ ಕೌನ್ಸಿಲ್ ಕಳಿಸುವ ಮೊದಲ ಪತ್ರದಲ್ಲಿ 'ಶಬ್ದದ ದೂರು ಬಂದಿದೆ, ನಾವು ಬಂದು ಅಳತೆ ಮಾಡಬಹುದು, ರೆಕಾರ್ಡ್ ಮಾಡಬಹುದು' ಅಂತ ಬರೆದಿರುತ್ತಾರಲ್ಲ, ಅದು ಸುಮ್ನೆ ಹೆದರಿಸಲಿಕ್ಕಲ್ಲ. ಮೊದಲೇ ಹೇಳಿಬಿಟ್ಟರೆ ಗುಟ್ಟು ಅನ್ನುವ ಮಾತೇ ಬರುವುದಿಲ್ಲ. ಆದರೆ ಆ ಪತ್ರ ತಲುಪಿದ ದಿನವೇ ಪಕ್ಕದವರು ಊಹೆ ಶುರು ಮಾಡುತ್ತಾರೆ. ಹಿಂದಿನ ವಾರ ತಾನೇ ಅವರ ಬಾಗಿಲು ತಟ್ಟಿ ಬಂದವರು ನೀವು, ಅಲ್ವಾ? ಇದಕ್ಕೆ ಯಾವ ಡೇಟಾ ಕಾನೂನಿನಲ್ಲೂ ಔಷಧಿ ಇಲ್ಲ.

ಹೆಸರೇ ಕೊಡದೆ ದೂರು ಕೊಟ್ಟರೆ ಹೇಗೆ ಅಂತೀರಾ? ಕೊಡಬಹುದು, ಆದರೆ ಶಬ್ದದ ವಿಷಯದಲ್ಲಿ ಹಲವು ಕೌನ್ಸಿಲ್‌ಗಳು ಅದನ್ನು ಮುಂದುವರಿಸುವುದಿಲ್ಲ. ಯಾರಿಗೋ ಅವರ ಮನೆಯೊಳಗೆ ತೊಂದರೆ ಆಗಿದೆ ಅಂತ ಸಾಬೀತು ಮಾಡಬೇಕಲ್ಲ, ಯಾರು ಅಂತಲೇ ಗೊತ್ತಿಲ್ಲದಿದ್ದರೆ ಅಧಿಕಾರಿ ಯಾರ ಮನೆಗೆ ಬಂದು ಕೂತು ಕೇಳಬೇಕು?

ನಿಜವಾಗಿ ಹೆಸರು ಹೊರಬರುವ ಜಾಗ ಕೋರ್ಟು. ಕೌನ್ಸಿಲ್ ಶಬ್ದ ನಿಲ್ಲಿಸಿ ಅಂತ ನೋಟಿಸು ಕೊಟ್ಟರೆ ಪಕ್ಕದವರು 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ನೋಟಿಸು ಮೀರಿದರೂ ಕೋರ್ಟೇ. ಅಧಿಕಾರಿ ತಾವೇ ಬಂದು ಕಿವಿಯಾರೆ ಕೇಳಿದ್ದರೆ ಅವರ ಸಾಕ್ಷಿ ಸಾಕಾಗಬಹುದು. ಇಡೀ ಕೇಸು ನಿಮ್ಮ ಡೈರಿಯ ಮೇಲೇ ನಿಂತಿದ್ದರೆ ನೀವು ಹೇಳಿಕೆ ಕೊಡಬೇಕಾಗುತ್ತದೆ, ಹೆಸರು ಆಚೆ ಬರುತ್ತದೆ. ಆದರೆ ಅದಕ್ಕೂ ಮೊದಲು ನಿಮ್ಮನ್ನು ಕೇಳುತ್ತಾರೆ. ಅದಕ್ಕೇ ನನ್ನ ಸಲಹೆ: ಡೈರಿ ತುಂಬಿಸಿ ಕೂರುವ ಬದಲು, ಗಲಾಟೆ ನಡೆಯುತ್ತಿರುವಾಗಲೇ ಅಧಿಕಾರಿಯನ್ನು ಕರೆಸಲು ಒದ್ದಾಡಿ. ರಾತ್ರಿ ಡ್ಯೂಟಿಯವರು ಇದ್ದಾರಾ, ಯಾವ ದಿನ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ರಾತ್ರಿ 11ರ ಮೇಲಷ್ಟೇ ದೂರು ಕೊಡಬಹುದು ಅನ್ನುವುದು ತಪ್ಪು ತಿಳಿವಳಿಕೆ, ಮಧ್ಯಾಹ್ನದ ಗಲಾಟೆಯೂ ಲೆಕ್ಕಕ್ಕೆ ಬರುತ್ತದೆ.

ಸಾಕ್ಷಿಗಾಗಿ ನೀವೇ ಕ್ಯಾಮೆರಾ ಹಾಕಿಕೊಳ್ಳುವ ಮುಂಚೆ ಸ್ವಲ್ಪ ನಿಲ್ಲಿ. ನಿಮ್ಮ ಡೋರ್‌ಬೆಲ್ ಕ್ಯಾಮೆರಾ ಪಕ್ಕದವರ ಅಂಗಳ, ರಸ್ತೆ ಹಿಡಿಯುತ್ತಿದ್ದರೆ ಡೇಟಾ ಕಾನೂನು ನಿಮಗೂ ಅಂಟಿಕೊಳ್ಳುತ್ತದೆ. 2021ರಲ್ಲಿ ಆಕ್ಸ್‌ಫರ್ಡಿನ ಕೋರ್ಟಿನಲ್ಲಿ ಪಕ್ಕದ ಮನೆಯವರೇ ಇಂಥ ಕೇಸು ಗೆದ್ದರು. ನ್ಯಾಯಾಧೀಶರಿಗೆ ಚಿತ್ರಕ್ಕಿಂತ ಜಾಸ್ತಿ ಚುಚ್ಚಿದ್ದು ದೂರದ ಮಾತನ್ನೂ ಹಿಡಿಯುತ್ತಿದ್ದ ಮೈಕು. ಸೌತಾಂಪ್ಟನ್ ಕೌನ್ಸಿಲ್‌ಗೂ ಹಿಂದೆ ಇದೇ ಪಾಠ ಆಗಿತ್ತು. ಟ್ಯಾಕ್ಸಿಯೊಳಗಿನ ಮಾತನ್ನೆಲ್ಲ ಸದಾ ರೆಕಾರ್ಡ್ ಮಾಡಬೇಕು ಅಂತ ನಿಯಮ ಮಾಡಿದ್ದರು, ಐಸಿಒ ಬೇಡ ಅಂದಿತು, 2013ರಲ್ಲಿ ಟ್ರಿಬ್ಯೂನಲ್ ಕೂಡ ಐಸಿಒ ಕಡೆಗೇ ನಿಂತಿತು.

ಇನ್ನು ನಿಮ್ಮ ಯಜಮಾನರ ಕಡೆಯೂ ಒಂದು ಮಾತಿದೆ. ನಿಮ್ಮದು ಸ್ವಂತ ಮನೆಯಾದರೆ, ಮುಂದೆ ಯಾವತ್ತೋ ಮಾರುವಾಗ ಟಿಎ6 ಅನ್ನುವ ಫಾರ್ಮು ಕೈಗೆ ಬರುತ್ತದೆ. ಅಕ್ಕಪಕ್ಕದವರ ಜೊತೆ ಜಗಳ, ದೂರು ಏನಾದರೂ ಇದೆಯಾ ಅಂತ ಅದರಲ್ಲಿ ಕೇಳಿರುತ್ತಾರೆ. ಸುಳ್ಳು ಬರೆದರೆ ಕೊಂಡವರು ನಿಮ್ಮ ಮೇಲೆ ಕೇಸು ಹಾಕಬಹುದು. ಅಷ್ಟು ವರ್ಷ ಕೌನ್ಸಿಲ್ ಕಪ್ಪು ಪಟ್ಟಿ ಹಾಕಿ ಮುಚ್ಚಿಟ್ಟಿದ್ದನ್ನು ಆವತ್ತು ನೀವೇ ನಿಮ್ಮ ಕೈಯಾರೆ ಬರೆದು ಸೈನ್ ಹಾಕಬೇಕು.