ಗೆಸ್ಟ್ ವೈಫೈಯಲ್ಲಿ ಮನೆಯ ಕ್ಯಾಮೆರಾ

ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇ. ಹಳೇ ಕಾಲದ ಮನೆ, ಒಂದೂವರೆ ಅಡಿ ದಪ್ಪದ ಗೋಡೆ. ರೂಟರ್ ಇದ್ದದ್ದು ಮುಂದಿನ ಆಫೀಸ್ ಕೋಣೆಯಲ್ಲಿ. ಹಿಂದಿನ ರೂಮುಗಳಲ್ಲಿ ವೈಫೈ ಒಂದು ಕಡ್ಡಿಯೂ ಬರುತ್ತಿರಲಿಲ್ಲ. "ಇನ್ನೊಂದು ಡಬ್ಬ ಹಾಕಿಕೊಡಿ ಸಾರ್, ಬಂದವರೆಲ್ಲ ಬೈತಾರೆ" ಎಂದು ಮಾಲೀಕರು ಕರೆದಿದ್ದರು.

ಇಂಥ ಗೋಡೆ ಇದ್ದಲ್ಲಿ ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬ, ಬೇಡ ಅಂತಲೇ ನಾನು ಹೇಳೋದು. ಒಂದೇ ರೇಡಿಯೊದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕು, ಅಲ್ಲಿಗೆ ಸ್ಪೀಡ್ ಸುಮಾರು ಅರ್ಧ ಹೋಯಿತು. ಸ್ವಲ್ಪ ಖರ್ಚಾದರೂ ರೂಟರ್‌ನಿಂದ ಕೇಬಲ್ ಎಳೆದು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಕೊಡುವ ಡಬ್ಬ, ಹಾಕಿ. ಮನೆಯಲ್ಲಿ ಹಳೇ ರೂಟರ್ ಇದ್ದರೆ ಅದೇ ಸಾಕು, ಆದರೆ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಲೇಬೇಕು. ಇಲ್ಲದಿದ್ದರೆ ಅದು ತಾನೇ ಬೇರೆ ಐಪಿ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ವಿಳಾಸ) ಹಂಚಲು ಶುರು ಮಾಡುತ್ತದೆ, ಹಿಂದಿನ ರೂಮಿನ ಲ್ಯಾಪ್‌ಟಾಪ್‌ಗೆ ಮುಂದಿನ ಪ್ರಿಂಟರ್ ಸಿಗೋದಿಲ್ಲ. ವೈಫೈನ 2.4 ಗಿಗಾಹರ್ಟ್ಸ್‌ ಬ್ಯಾಂಡ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಹಾಗೆ ಒಂದು ಡಬ್ಬಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಎರಡಕ್ಕೂ ಹೆಸರು, ಪಾಸ್‌ವರ್ಡ್ ಒಂದೇ ಇರಲಿ.

ಇಷ್ಟಾದ ಮೇಲೆ ಸಿಗ್ನಲ್ ಫುಲ್ ಬಂತು. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಊಟದ ಹಾಲ್‌ನ ಗೋಡೆ ಮೇಲೆ ಪಾಸ್‌ವರ್ಡ್ ಬರೆದಿತ್ತು. ಅದು ಮಾಲೀಕರ ಮೊಬೈಲ್ ನಂಬರ್! ಗೋಡೆ ಮೇಲೆ ಬರೆಯದಿದ್ದರೂ ಅದು ಗಟ್ಟಿ ಪಾಸ್‌ವರ್ಡ್ ಅಲ್ಲ. ಫೋನ್ ವೈಫೈಗೆ ಸೇರುವಾಗ ರೂಟರ್ ಜೊತೆ ನಡೆಸುವ ಮಾತುಕತೆಯನ್ನು ಯಾರಾದರೂ ಹಿಡಿದಿಟ್ಟುಕೊಂಡರೆ, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಹತ್ತಂಕಿಯ ನಂಬರ್‌ಗಳನ್ನೆಲ್ಲ ಕೆಲವೇ ಗಂಟೆಗಳಲ್ಲಿ ಪ್ರಯತ್ನಿಸಿ ಮುಗಿಸುತ್ತದೆ. ಹಲಸು, ರೈಲು, ಕೊಡೆ, ಮಂಗಳವಾರ ಅಂತ ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ. ನೆನಪಿಡೋಕೂ ಸುಲಭ.

ಡಬ್ಲ್ಯುಪಿಎಸ್ ಕೂಡ ಆನ್ ಇತ್ತು. ಪಾಸ್‌ವರ್ಡ್ ಟೈಪ್ ಮಾಡದೆ, ಬಟನ್ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ ಅದು. ಅದರ ಪಿನ್ ಎಂಟಂಕಿಯದು, ನೋಡೋಕೆ ಭದ್ರ. ಆದರೆ ರೂಟರ್ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನ ಸಾಕು. ಇದು 2011ರಲ್ಲೇ ಬಯಲಾದ ವಿಷಯ. ಆಫ್ ಮಾಡಿ. ರೂಟರ್‌ನ ಸೆಟ್ಟಿಂಗ್ಸ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅದರೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಬಗೆ ಡಬ್ಲ್ಯುಪಿಎ3 ಇರಲಿ, ಹಳೇ ಫೋನ್‌ಗಳಿದ್ದರೆ ಡಬ್ಲ್ಯುಪಿಎ2 ಎಇಎಸ್ ಆರಿಸಿ.

ನನಗೆ ನಿಜವಾಗಿ ಭಯವಾದದ್ದು ಆಮೇಲೆ. ಅತಿಥಿಗಳಿಗೆಂದು ಗೆಸ್ಟ್ ನೆಟ್‌ವರ್ಕ್, ಅಂದರೆ ಮನೆಯ ಸಾಧನಗಳಿಂದ ಬೇರೆಯಾಗಿರಬೇಕಾದ ವೈಫೈ, ಆನ್ ಮಾಡಿದೆ. ಹಿಂದಿನ ಜಗಲಿಗೆ ಹೋಗಿ, ನನ್ನ ಫೋನನ್ನು ಅದಕ್ಕೇ ಸೇರಿಸಿ, ಸಿಸಿಟಿವಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್‌ನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದೆ. ಲಾಗಿನ್ ಪುಟ ನೆಟ್ಟಗೆ ತೆರೆದುಕೊಂಡಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಹಾಗೇ ಇತ್ತು. ಮನೆಯವರು ಓಡಾಡುವ ಅಂಗಳ, ಅಡುಗೆಮನೆಯ ಬಾಗಿಲು, ಎಲ್ಲ ನನ್ನ ಅಂಗೈಯಲ್ಲಿ. ಪಕ್ಕದಲ್ಲೇ ನಿಂತಿದ್ದ ಮಾಲೀಕರಿಗೆ ಮಾತೇ ಹೊರಡಲಿಲ್ಲ.

ಹೀಗೇಕೆ? ರೂಟರ್ ಮೋಡ್‌ನಲ್ಲಿ ಗೆಸ್ಟ್‌ಗಳನ್ನು ಬೇರೆ ಇಡುವ ಡಬ್ಬ, ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬಂದಾಗ ಎಲ್ಲರನ್ನೂ ಒಂದೇ ಕೇಬಲ್‌ಗೆ ಬಿಟ್ಟುಬಿಡಬಹುದು. ಹೆಸರು ಮಾತ್ರ ಗೆಸ್ಟ್, ಒಳಗೆ ಒಂದೇ ಮನೆ. ಎಲ್ಲ ಮಾಡೆಲ್‌ಗಳೂ ಹೀಗಲ್ಲ, ಅದಕ್ಕೇ ಪರೀಕ್ಷೆ ಮಾಡಲೇಬೇಕು. ಮೊದಲು ಡಿವಿಆರ್‌ನ ಪಾಸ್‌ವರ್ಡ್ ಬದಲಿಸಿದೆ. ಕೊನೆಗೆ ವಿಎಲ್ಎಎನ್ (ಒಂದೇ ಕೇಬಲ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್ ನಡೆಸುವ ವ್ಯವಸ್ಥೆ) ಬೆಂಬಲಿಸುವ ರೂಟರ್, ಆ್ಯಕ್ಸೆಸ್ ಪಾಯಿಂಟ್ ಎರಡನ್ನೂ ತರಿಸಿ, ಗೆಸ್ಟ್‌ಗಳಿಗೆ ಇಂಟರ್ನೆಟ್ ಬಿಟ್ಟು ಬೇರೇನೂ ಸಿಗದ ಹಾಗೆ ಬೇರ್ಪಡಿಸಿದೆ.

ಮತ್ತೆ ಜಗಲಿಗೆ ಹೋಗಿ ಅದೇ ವಿಳಾಸ ಟೈಪ್ ಮಾಡಿದೆ. ಈ ಸಲ ಪುಟ ಸುತ್ತುತ್ತಲೇ ಇತ್ತು, ತೆರೆಯಲಿಲ್ಲ. ಮಾಲೀಕರು ತಮ್ಮ ಫೋನ್‌ನಲ್ಲೂ ಒಂದ್ಸಲ ನೋಡಿ, ಹಾಲ್‌ಗೆ ಹೋಗಿ ಗೋಡೆ ಮೇಲಿನ ನಂಬರ್ ಒರೆಸಿದರು.