ಆ ವರದಿಯ ‘ಆದರೆ’ಗಳೆಲ್ಲ ಎಲ್ಲಿಗೆ ಹೋದವು? ‘ಇನ್ ದ ಲೂಪ್’ ಚಿತ್ರದ ಹಿನ್ನೆಲೆ

ಅರ್ಮಾಂಡೊ ಇಯನೂಚಿ ನಿರ್ದೇಶಿಸಿದ ‘ಇನ್ ದ ಲೂಪ್’ 2009ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರ. ಒಂದು ಮಾತು ಅರ್ಥವಾಗುವಷ್ಟರಲ್ಲಿ ನಾಲ್ಕು ಬೈಗುಳ ದಾಟಿ ಹೋಗಿರುತ್ತವೆ. ಸೈಮನ್ ಫಾಸ್ಟರ್ ಎಂಬ ಸಣ್ಣ ಮಂತ್ರಿ ರೇಡಿಯೊ ಸಂದರ್ಶನದಲ್ಲಿ ಯುದ್ಧದ ಬಗ್ಗೆ ಬಾಯಿ ಜಾರುತ್ತಾನೆ. ಪ್ರಧಾನಿಯ ಪ್ರಚಾರ ಮುಖ್ಯಸ್ಥ ಮಾಲ್ಕಂ ಟಕರ್ ಬಂದು ಜಾಡಿಸುತ್ತಾನೆ. ಸರಿಪಡಿಸಲು ಹೋದ ಮಂತ್ರಿ ಇನ್ನೂ ದೊಡ್ಡ ಎಡವಟ್ಟು ಮಾಡಿಕೊಳ್ಳುತ್ತಾನೆ. ಯುದ್ಧ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ವಾಷಿಂಗ್ಟನ್‌ನಲ್ಲಿ ಈಗ ಅವನೇ ಬೇಕು.

ಯುದ್ಧ ಯಾವ ದೇಶದ ಮೇಲೆ ಎಂದು ಚಿತ್ರ ಒಮ್ಮೆಯೂ ಹೇಳುವುದಿಲ್ಲ. ಆಗ ಬ್ರಿಟನ್ನಿನಲ್ಲಿ ಹೇಳುವ ಅಗತ್ಯವೂ ಇರಲಿಲ್ಲ, ಅದು 2003ರ ಇರಾಕ್ ಯುದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಇವತ್ತು ನೋಡುವವರಿಗೆ ಮಾತ್ರ ಹಿನ್ನೆಲೆ ಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಆಳುವವರನ್ನು ಗೇಲಿ ಮಾಡುವುದು ಹಳೇ ಚಾಳಿ. 1961ರಲ್ಲಿ ‘ಪ್ರೈವೇಟ್ ಐ’ ಪತ್ರಿಕೆ ಬಂತು, 1980ರಲ್ಲಿ ‘ಯೆಸ್ ಮಿನಿಸ್ಟರ್’ ಧಾರಾವಾಹಿ ಬಂತು. ಅದರಲ್ಲಿ ಮಂತ್ರಿಯನ್ನು ಆಡಿಸುತ್ತಿದ್ದವನು ನಯವಾಗಿ ಮಾತಾಡುವ ಹಿರಿಯ ಅಧಿಕಾರಿ. 1997ರಲ್ಲಿ ಟೋನಿ ಬ್ಲೇರ್ ಸರ್ಕಾರ ಬಂದ ಮೇಲೆ ಆ ಕುರ್ಚಿ ಬದಲಾಯಿತು. ಪ್ರಧಾನಿ ಕಚೇರಿಯ ಹೆಚ್ಚೆಂದರೆ ಮೂವರು ರಾಜಕೀಯ ಸಲಹೆಗಾರರು ಸರ್ಕಾರಿ ಅಧಿಕಾರಿಗಳಿಗೆ ಆದೇಶ ಕೊಡಬಹುದು ಎಂದು ನಿಯಮವನ್ನೇ ಮಾಡಲಾಯಿತು. ನಾಳೆಯ ಪತ್ರಿಕೆಯಲ್ಲಿ ಏನು ಬರುತ್ತದೆ ಎಂದು ಯೋಚಿಸುವವರ ಕೈ ಮೇಲಾಯಿತು. ಇಯನೂಚಿಯ ‘ದ ಥಿಕ್ ಆಫ್ ಇಟ್’ ಧಾರಾವಾಹಿ 2005ರಲ್ಲಿ ಬಿಬಿಸಿಯಲ್ಲಿ ಶುರುವಾದದ್ದು ಈ ಹೊಸ ಜನರ ಮೇಲೆ. ಪೀಟರ್ ಕಪಾಲ್ಡಿ ನಟಿಸಿದ ಮಾಲ್ಕಂ ಹುಟ್ಟಿದ್ದು ಅಲ್ಲೇ.

ಚಿತ್ರದ ಬೇರು ಇರುವುದು 2002ರ ಸೆಪ್ಟೆಂಬರ್ 24ರಂದು. ಅಂದು ಬ್ರಿಟಿಷ್ ಸರ್ಕಾರ ಇರಾಕಿನ ಅಸ್ತ್ರಗಳ ಬಗ್ಗೆ 50 ಪುಟಗಳ ವರದಿ ಪ್ರಕಟಿಸಿತು. ಆದೇಶ ಬಂದ 45 ನಿಮಿಷದೊಳಗೆ ಇರಾಕ್ ರಾಸಾಯನಿಕ, ಜೈವಿಕ ಅಸ್ತ್ರ ಬಳಸಬಲ್ಲದು ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಇತ್ತು. ಅದರಲ್ಲೊಂದು ಪ್ರಧಾನಿಯ ಮುನ್ನುಡಿಯಲ್ಲೇ. ಮೂಲ ಮಾಹಿತಿ ಇದ್ದದ್ದು ರಣರಂಗದಲ್ಲಿ ಬಳಸುವ ಸಣ್ಣ ಅಸ್ತ್ರಗಳ ಬಗ್ಗೆ, ದೂರ ಹಾರುವ ಕ್ಷಿಪಣಿಗಳ ಬಗ್ಗೆ ಅಲ್ಲ. ವರದಿಯಲ್ಲಿ ಆ ವ್ಯತ್ಯಾಸ ಇರಲಿಲ್ಲ. ಬ್ರಿಟಿಷರ ಸಾವಿಗೆ ಇನ್ನು 45 ನಿಮಿಷ ಎಂಬರ್ಥದ ತಲೆಬರಹಗಳು ಪತ್ರಿಕೆಗಳಲ್ಲಿ ಬಂದವು. ತಿದ್ದಲು ಯಾರೂ ಫೋನ್ ಎತ್ತಲಿಲ್ಲ.

ಕರಡುಗಳ ಕಥೆ ಆಮೇಲೆ ಹೊರಬಂತು. ಮೊದಲು ಶೀರ್ಷಿಕೆಯಲ್ಲಿ ಇರಾಕಿನ ಅಸ್ತ್ರ ‘ಯೋಜನೆ’ ಎಂದಿತ್ತು. ಕೊನೆಗೆ ‘ಯೋಜನೆ’ ಹೋಗಿ ಬರೀ ಅಸ್ತ್ರಗಳು ಉಳಿದವು. ತನ್ನ ಆಡಳಿತಕ್ಕೆ ಅಪಾಯ ಬಂತು ಅನ್ನಿಸಿದರೆ ಸದ್ದಾಂ ಅಸ್ತ್ರ ಬಳಸಬಹುದು ಎಂಬರ್ಥದ ಸಾಲೊಂದು ಕರಡಿನಲ್ಲಿತ್ತು. ಪ್ರಧಾನಿ ಕಚೇರಿಯಿಂದ ಒಂದು ಇಮೇಲ್ ಬಂದ ಮೇಲೆ ಆ ‘ರೆ’ ಮಾಯವಾಯಿತು. ಸುಳ್ಳನ್ನು ಹೊಸದಾಗಿ ಬರೆಯಬೇಕಾಗಿಯೇ ಇರಲಿಲ್ಲ, ಅಳಿಸಿದರೆ ಸಾಕಿತ್ತು ಅಲ್ವಾ?

2003ರ ಮಾರ್ಚ್ 18ರಂದು ಸಂಸತ್ತು 412 ಮತಗಳಿಂದ ಯುದ್ಧಕ್ಕೆ ಒಪ್ಪಿತು, ವಿರೋಧಿಸಿದವರು 149. ವಿಶ್ವಸಂಸ್ಥೆಯ ಒಪ್ಪಿಗೆ ಇಲ್ಲದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದಿದ್ದ ಅಂತರರಾಷ್ಟ್ರೀಯ ಅಭಿವೃದ್ಧಿ ಮಂತ್ರಿ ಕ್ಲೇರ್ ಶಾರ್ಟ್ ಆಗ ಉಳಿದರು, ಮೇ ತಿಂಗಳಲ್ಲಿ ಹೋದರು. ಚಿತ್ರದ ಸೈಮನ್ ಖಾತೆಯೂ ಅದೇ. ರಾಜೀನಾಮೆ ಕೊಡಲೋ ಬೇಡವೋ ಎಂಬ ಒದ್ದಾಟವೂ ಅದೇ.

ಮೇ ಕೊನೆಯಲ್ಲಿ ಬಿಬಿಸಿ ರೇಡಿಯೊ, ಆ ಅಸ್ತ್ರಗಳ ವರದಿಗೆ ಮಸಾಲೆ ಹಾಕಲಾಗಿದೆ ಎಂದಿತು. ಆ ಸುದ್ದಿಯ ಮೂಲವೆಂದು ಹೆಸರು ಹೊರಬಿದ್ದ ಅಸ್ತ್ರ ತಜ್ಞ ಡೇವಿಡ್ ಕೆಲಿ ಜುಲೈನಲ್ಲಿ ಶವವಾಗಿ ಸಿಕ್ಕರು. 2004ರ ಜನವರಿಯಲ್ಲಿ, ಕೆಲಿ ಸಾವಿನ ಬಗ್ಗೆ ನಡೆದ ಹಟ್ಟನ್ ವಿಚಾರಣೆ ಬಿಬಿಸಿಯದೇ ತಪ್ಪು ಎಂದಿತು. ಅದರ ಅಧ್ಯಕ್ಷ, ಮಹಾನಿರ್ದೇಶಕ ಇಬ್ಬರೂ ಹೊರನಡೆದರು. ಗುಪ್ತಚರ ಮಾಹಿತಿಯನ್ನು ಪರಿಶೀಲಿಸಿ ಜುಲೈನಲ್ಲಿ ಬಂದ ಬಟ್ಲರ್ ವರದಿ, ಆ ಗುಪ್ತಚರ ಮಾಹಿತಿಯ ಮಿತಿಗಳು ಪ್ರಕಟಿತ ವರದಿಯಲ್ಲಿ ಸ್ಪಷ್ಟವಾಗಿರಲಿಲ್ಲ ಎಂದಿತು, ಯಾರೊಬ್ಬರ ಮೇಲೂ ಬೆರಳು ತೋರಿಸಲಿಲ್ಲ. ತಪ್ಪು ಎಲ್ಲರದೂ ಆದ ಮೇಲೆ ಕೆಲಸ ಕಳೆದುಕೊಳ್ಳಬೇಕಾದವರೇ ಇರಲಿಲ್ಲ!

ಇದನ್ನು ತಿಳಿದು ನೋಡಿದರೆ ಚಿತ್ರದ ಕೊನೆಯ ಭಾಗ ಬೇರೆಯೇ ಆಗಿ ಕಾಣುತ್ತದೆ. ಲೀಜಾ ಎಂಬ ಕಿರಿಯ ಅಧಿಕಾರಿ ಯುದ್ಧದ ಪರ-ವಿರೋಧದ ಕಾರಣಗಳನ್ನೆಲ್ಲ ಒಂದು ಟಿಪ್ಪಣಿಯಲ್ಲಿ ಬರೆದಿರುತ್ತಾಳೆ. ವಿಶ್ವಸಂಸ್ಥೆಯಲ್ಲಿ ಮತ ಹಾಕುವ ಹೊತ್ತಿಗೆ ‘ಗುಪ್ತಚರ ಮಾಹಿತಿ’ ಬೇಕೇಬೇಕು. ಮಾಲ್ಕಂ ಅದೇ ಟಿಪ್ಪಣಿಯಿಂದ ವಿರೋಧದ ಕಾರಣಗಳನ್ನು ತೆಗೆಸಿಹಾಕುತ್ತಾನೆ, ಅಷ್ಟೇ. ಅದೇ ಕಾಗದ ಈಗ ಯುದ್ಧಕ್ಕೆ ಸಾಕ್ಷಿ. ಇನ್ನೊಂದು ದೃಶ್ಯದಲ್ಲಿ ಜೇಮ್ಸ್ ಗ್ಯಾಂಡೊಲ್ಫಿನಿಯ ಜನರಲ್, ಮಗುವೊಂದರ ಕೋಣೆಯಲ್ಲಿ ಕೂತು ಆಟಿಕೆ ಕ್ಯಾಲ್ಕುಲೇಟರ್‌ನಲ್ಲಿ ಸೈನಿಕರ ಲೆಕ್ಕ ಹಾಕುತ್ತಾನೆ. ಜನ ನಕ್ಕಿದ್ದು ಜಾಸ್ತಿ ಬೈಗುಳಕ್ಕೆ. ನನಗೆ ಹೆಚ್ಚು ನೆನಪಿರುವುದು ಮಾತ್ರ ಆ ಪುಟ್ಟ ಕೋಣೆ.

ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಬರೆದವರಲ್ಲೊಬ್ಬರಾದ ಜೆಸ್ಸಿ ಆರ್ಮ್‌ಸ್ಟ್ರಾಂಗ್ ಮುಂದೆ ‘ಸಕ್ಸೆಷನ್’ ಧಾರಾವಾಹಿ ಮಾಡಿದರು. ಇಯನೂಚಿ ಅಮೆರಿಕದಲ್ಲಿ ‘ವೀಪ್’ ಧಾರಾವಾಹಿ ಮಾಡಿದರು, ಲೀಜಾ ಪಾತ್ರದ ಆನಾ ಕ್ಲಮ್ಸ್ಕಿ ಅಲ್ಲೂ ಇದ್ದರು. ಚಿತ್ರ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಎರಡು ತಿಂಗಳಿಗೆ ಇರಾಕ್ ಯುದ್ಧದ ಬಗ್ಗೆ ಚಿಲ್ಕಾಟ್ ವಿಚಾರಣೆ ಘೋಷಣೆಯಾಯಿತು. ಅದರ ವರದಿ ಬಂದಿದ್ದು 2016ರ ಜುಲೈ 6ರಂದು: 12 ಸಂಪುಟ, ಸುಮಾರು 26 ಲಕ್ಷ ಪದ. ಅಸ್ತ್ರಗಳ ಬಗ್ಗೆ ತೋರಿಸಿದ ಖಚಿತತೆಗೆ ಆಧಾರ ಇರಲಿಲ್ಲ ಎಂದು ಅದೂ ಹೇಳಿತು.

ನೋಡುವುದಾದರೆ ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಮನೆಮಂದಿಯ ಜೊತೆ ಮಾತ್ರ ಬೇಡ.